ಎಸಿ ಪೈಪಿನ ನೀರು, ಜೋಗದ ಎತ್ತರ

ಜೂನ್ 5 ಬಂತೆಂದರೆ ಕಚೇರಿಗಳಲ್ಲಿ ಪರಿಸರದ ಮಾತು ಶುರುವಾಗುತ್ತದೆ. ಕಾಗದದ ಎರಡೂ ಬದಿ ಬಳಸಿ, ಪೇಪರ್ ಕಪ್ ಬಿಟ್ಟು ಸ್ಟೀಲ್ ಲೋಟ ತನ್ನಿ, ಮೇಜಿನ ಮೇಲೆ ಒಂದು ಕುಂಡ ಇಡಿ. ಮೊದಲ ಎರಡು ಸಲಹೆಗಳು ಸರಿಯಾಗಿವೆ, ಅವುಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಕುಂಡದ ವಿಷಯ ಆಮೇಲೆ. ಅದೇ ದಿನಗಳಲ್ಲಿ ಮುಂಗಾರು ಘಟ್ಟ ಹತ್ತಿ ತೀರ್ಥಹಳ್ಳಿ, ಹೊಸನಗರ, ಸಾಗರ ದಾಟಿ ಶಿವಮೊಗ್ಗಕ್ಕೆ ಬರುತ್ತದೆ. ಹೊರಗೆ 25 ಡಿಗ್ರಿ. ಹೆಗಲ ಮೇಲೆ ಶಾಲು ಹೊದ್ದುಕೊಳ್ಳುವ ಹವೆ. ಆದರೂ ಎಷ್ಟೋ ಕಚೇರಿಗಳಲ್ಲಿ ಕಿಟಕಿ ಮುಚ್ಚಿ ಎಸಿ ಓಡಿಸುತ್ತಲೇ ಇರುತ್ತಾರೆ. ಈ ಮಳೆಗಾಲದ ಎಸಿಯ ಬಗ್ಗೆ ಯಾರೂ ಪೋಸ್ಟರ್ ಅಂಟಿಸುವುದಿಲ್ಲ.

25 ಡಿಗ್ರಿಯ ಹವೆಯಲ್ಲಿ ಆ ಯಂತ್ರ ಮಾಡುವ ಕೆಲಸವಾದರೂ ಏನು? ಕಟ್ಟಡದ ಹಿಂದೆ ಹೋಗಿ ಅದರ ಪೈಪನ್ನು ನೋಡಿದರೆ ಗೊತ್ತಾಗುತ್ತದೆ. ನೀರು ಬಿಡದೆ ತೊಟ್ಟಿಕ್ಕುತ್ತಿರುತ್ತದೆ. ಅದು ಯಂತ್ರದ ನೀರಲ್ಲ, ಕೋಣೆಯ ಗಾಳಿಯಲ್ಲಿದ್ದ ಆವಿ. ಎಸಿಯ ತಣ್ಣನೆಯ ಸುರುಳಿಗೆ ಗಾಳಿ ತಗುಲಿದಾಗ ಆವಿ ಹನಿಯಾಗುತ್ತದೆ. ಮಲೆನಾಡಿನ ಜುಲೈನಲ್ಲಿ ಎಸಿಯ ದುಡಿಮೆಯ ದೊಡ್ಡ ಪಾಲು ಗಾಳಿಯನ್ನು ತಣಿಸುವುದಕ್ಕಲ್ಲ, ಹಿಂಡುವುದಕ್ಕೆ ಹೋಗುತ್ತದೆ.

ಹಿಂಡುವ ಕೆಲಸ ತುಂಬಾ ದುಬಾರಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಇದರ ಮೂಲವನ್ನು ಗುರುತಿಸಿದ. ಕುದಿಯುವ ನೀರಿಗೆ ಎಷ್ಟು ಬೆಂಕಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ, ಶಾಖವೆಲ್ಲ ಆವಿಯೊಳಗೆ ಅಡಗಿ ಕೂರುತ್ತದೆ. ಈ ಗುಪ್ತೋಷ್ಣವನ್ನು ಆವಿ ಹನಿಯಾಗುವಾಗ ಪೂರ್ತಿಯಾಗಿ ಹೊರಗೆ ಬಿಡುತ್ತದೆ, ಎಸಿ ಕೋಣೆಯಿಂದ ಆಚೆ ಸಾಗಿಸಬೇಕಾದದ್ದು ಅದನ್ನೇ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನ ಲೆಕ್ಕ ಸುಮಾರು 24.4 ಲಕ್ಷ ಜೂಲ್. ಈ ಸಂಖ್ಯೆಯನ್ನು ನಮ್ಮ ಊರಿನ ಅಳತೆಗೆ ತಂದರೆ ನನಗೆ ಪ್ರತಿ ಸಲವೂ ರೋಮಾಂಚನವಾಗುತ್ತದೆ. ಜೋಗದ ಎತ್ತರ 253 ಮೀಟರ್. ಅಲ್ಲಿಂದ ಒಂದು ಟನ್, ಅಂದರೆ ಸಾವಿರ ಲೀಟರ್, ನೀರು ಬಿದ್ದರೆ ಸಿಗುವ ಶಕ್ತಿ ಸುಮಾರು 24.8 ಲಕ್ಷ ಜೂಲ್. ಎರಡೂ ಹೆಚ್ಚುಕಡಿಮೆ ಒಂದೇ! ಅರಬ್ಬೀ ಸಮುದ್ರದ ಒಂದು ಲೀಟರ್ ನೀರನ್ನು ಆವಿ ಮಾಡಲು ಸೂರ್ಯ ಕೊಟ್ಟ ಶಾಖದಲ್ಲಿ ಸಾವಿರಕ್ಕೆ ಒಂದು ಪಾಲನ್ನಷ್ಟೇ ಜೋಗದಲ್ಲಿ ಧುಮುಕುವ ಆ ಒಂದು ಲೀಟರ್ ನೀರು ನಮಗೆ ಹಿಂದಿರುಗಿಸುತ್ತದೆ.

ಆ ಸಾವಿರದ ಒಂದು ಪಾಲಿಗಾಗಿಯೇ ಈ ಜಿಲ್ಲೆ ಎಷ್ಟು ತೆತ್ತಿದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1948ರಲ್ಲಿ ಜೋಗದ ಬಳಿ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿಹೋಯಿತು, ಅದರ ಜೊತೆಗೆ ಊರುಗಳು, ಗದ್ದೆಗಳು, ತೋಟಗಳು. ಮುಳುಗಡೆಯವರು ಎಂದು ಕರೆಸಿಕೊಂಡ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ. ಆದ್ದರಿಂದ ಕರೆಂಟಿನ ಲೆಕ್ಕವನ್ನು ಜೋಗದಲ್ಲಿ ಮಾಡುವುದು ನನಗೆ ನ್ಯಾಯವೆನಿಸುತ್ತದೆ. ವಿದ್ಯುದಾಗಾರಗಳಿಗೆ ನೀರು ಇಳಿಯುವ ಎತ್ತರ ಬೇರೆ, ಅದಿರಲಿ. ಜೋಗದ ಎತ್ತರವನ್ನೇ ಹಿಡಿದು, ಯಂತ್ರಗಳ ನಷ್ಟ ಕಳೆದರೆ, ಒಂದು ಯೂನಿಟ್‌ಗೆ ಸುಮಾರು 1,600 ಲೀಟರ್ ನೀರು ಬೀಳಬೇಕು.

ಈಗ ಇಪ್ಪತ್ತು ಅಡಿ ಉದ್ದ, ಹದಿನಾರು ಅಡಿ ಅಗಲದ ಸಾಧಾರಣ ಕಚೇರಿ ಕೋಣೆಯನ್ನು ನೋಡೋಣ. ಒಳಗೆ ಸುಮಾರು 90 ಘನಮೀಟರ್ ಗಾಳಿ. ಹೊರಗಿನ 25 ಡಿಗ್ರಿಯ, ಶೇ 90ರಷ್ಟು ಆರ್ದ್ರತೆಯ ಗಾಳಿಯ ಪ್ರತಿ ಘನಮೀಟರಿನಲ್ಲೂ ಸುಮಾರು 21 ಗ್ರಾಂ ಆವಿ ಇರುತ್ತದೆ. ಎಸಿ ಅದನ್ನು ಸುಮಾರು 12 ಗ್ರಾಮಿಗೆ ಇಳಿಸುತ್ತದೆ. ಬಾಗಿಲು ತೆರೆದು ಮುಚ್ಚುವುದರಲ್ಲಿ, ಸಂದುಗಳಲ್ಲಿ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೂ ಗಂಟೆಗೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರನ್ನು ಹಿಂಡಬೇಕು. ಕುಳಿತು ಕೆಲಸ ಮಾಡುವ ಒಬ್ಬೊಬ್ಬರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ಆವಿ ಸೇರುತ್ತದೆ. ಹತ್ತು ಜನರಿದ್ದರೆ ಸಂಜೆಯ ಹೊತ್ತಿಗೆ ಪೈಪಿನ ಕೆಳಗಿನ ಬಕೆಟ್ಟಿನಲ್ಲಿ ಹತ್ತು ಲೀಟರ್. ಒಂದು ಪಾಲು ಕರೆಂಟು ತಿಂದು ಮೂರು ಪಾಲು ಶಾಖ ಹೊರಹಾಕುವ ಯಂತ್ರಕ್ಕೆ ಇದಕ್ಕೆಂದೇ ಎರಡು ಯೂನಿಟ್‌ಗಿಂತ ಹೆಚ್ಚು ಬೇಕು. ಜೋಗದ ಲೆಕ್ಕದಲ್ಲಿ 3,500 ಲೀಟರ್. ಹತ್ತು ಲೀಟರ್ ಹಿಂಡಲು ಮೂರೂವರೆ ಸಾವಿರ ಲೀಟರ್! ಬಾಗಿಲು ತೆರೆದಿಟ್ಟೇ ಎಸಿ ಓಡಿಸಿದರೆ ಇಡೀ ಮುಂಗಾರನ್ನೇ ಹಿಂಡಲು ಹೊರಟಂತೆ.

ಈ ಯಂತ್ರ ಹುಟ್ಟಿದ್ದು ಮನುಷ್ಯರ ಸೆಕೆಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬಣ್ಣದ ಚಿತ್ರಗಳು ಹೊಂದಿಕೆ ತಪ್ಪುತ್ತಿದ್ದವು. ಒಂದು ಬಣ್ಣ ಅಚ್ಚಾಗಿ ಇನ್ನೊಂದು ಬಣ್ಣಕ್ಕೆ ಹೋಗುವಷ್ಟರಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತಿತ್ತು. ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವ ತೆಗೆಯುವ ವ್ಯವಸ್ಥೆ ರೂಪಿಸಿದ. ಜನರಿಗೆ ತಂಪಾದದ್ದು ಅದರ ಬೆನ್ನಿಗೆ ಬಂದ ಲಾಭ. ಮಳೆಗಾಲದಲ್ಲಿ ಜೆರಾಕ್ಸ್ ಯಂತ್ರದೊಳಗೆ ಕಾಗದ ಸಿಕ್ಕಿಹಾಕಿಕೊಳ್ಳುವುದನ್ನು ಕಂಡ ನಮಗೆ ಆ ಮುದ್ರಕರ ಪಾಡು ಅರ್ಥವಾಗುತ್ತದೆ. ಒಣ ಗಾಳಿ ಬೇಕಾದದ್ದು ಕಾಗದಕ್ಕೆ. ಹಾಗಿದ್ದರೆ ಕಾಗದಕ್ಕಷ್ಟೇ ಕೊಡಬಹುದು: ರಟ್ಟಿನ ಪೊಟ್ಟಣ ಬಿಚ್ಚದೆ ಬಾಗಿಲು ಬಿಗಿಯಾಗಿ ಕೂರುವ ಕಬ್ಬಿಣದ ಬೀರುವಿನಲ್ಲಿಟ್ಟು, ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರತೆಗೆದರಾಯಿತು.

ಮನುಷ್ಯರಿಗೆ ಏನು ಬೇಕು? "ಶೇ 90 ತೇವ ಇರುವಾಗ ಬೆವರು ಆರುವುದೇ ಇಲ್ಲ, ಫ್ಯಾನ್ ಹಾಕಿ ಏನು ಬಂತು?" ಎಂಬ ವಾದವನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು. ಶೇ 90 ಎನ್ನುವುದು 25 ಡಿಗ್ರಿಯ ಗಾಳಿ ಹೊರಬಲ್ಲ ಆವಿಯ ಲೆಕ್ಕ. ನಮ್ಮ ಚರ್ಮ ಸುಮಾರು 34 ಡಿಗ್ರಿಯಲ್ಲಿದೆ. ಚರ್ಮಕ್ಕೆ ಅಂಟಿಕೊಂಡ ತೆಳು ಗಾಳಿಪದರ ಆ ಬಿಸಿಯಲ್ಲಿ ಘನಮೀಟರಿಗೆ 37 ಗ್ರಾಮಿನಷ್ಟು ಆವಿ ಹೊರಬಲ್ಲದು, ಸುತ್ತಲಿನ ಗಾಳಿಯಲ್ಲಿರುವುದು 21. ಹೆಚ್ಚು ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಆವಿ ಹರಿಯಲೇಬೇಕು. ತಡೆಯುವುದು ಆ ಪದರ ಅಲುಗಾಡದೆ ನಿಂತಿರುವುದು ಮಾತ್ರ. ಫ್ಯಾನ್ ಅದನ್ನು ಕಿತ್ತು ಒಯ್ಯುತ್ತದೆ. ಹಗ್ಗದ ಮೇಲಿನ ಪಂಚೆ ಜುಲೈನಲ್ಲಿ ನಾಲ್ಕು ದಿನವಾದರೂ ಆರದಿರಲು ಕಾರಣವೂ ಇಲ್ಲೇ ಇದೆ: ಪಂಚೆಗೆ ತನ್ನದೇ ಬಿಸಿ ಇಲ್ಲ, ಅದು ಗಾಳಿಯಷ್ಟೇ ತಣ್ಣಗಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವುವುದು ಅದಕ್ಕಾಗಿಯೇ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ತಾಗಿದರೆ ಸುಮಾರು 3 ಡಿಗ್ರಿ ತಂಪಾದ ಅನುಭವವಾಗುತ್ತದೆ. ಹಳೆಯ ಫ್ಯಾನಿಗೆ ಬೇಕಾಗುವುದು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30. ಒಂದೂವರೆ ಟನ್ ಎಸಿಗೆ ಸುಮಾರು 1,500. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಮಾತ್ರ ಏನೂ ತಂಪಾಗುವುದಿಲ್ಲ. ಫ್ಯಾನ್ ತಣಿಸುವುದು ಮೈಯನ್ನು, ಕೋಣೆಯನ್ನಲ್ಲ.

ಗಾಳಿ ಬರಲು ಕಿಟಕಿ ತೆರೆಯಬೇಕು. ಇಲ್ಲಿ ಇನ್ನೊಂದು ಅಡ್ಡಿ ಎದುರಾಗುತ್ತದೆ, ಅದು ನನ್ನನ್ನು ನಿಜಕ್ಕೂ ಚಿಂತೆಗೀಡು ಮಾಡುತ್ತದೆ. ನೈಋತ್ಯ ಮೂಲೆ ಮುಚ್ಚಿರಬೇಕು, ಭಾರವಾಗಿರಬೇಕು ಎಂಬ ವಾಸ್ತು ಸಲಹೆ ಕೇಳಿ ಆ ದಿಕ್ಕಿನ ಕಿಟಕಿಗೆ ಬೀರು ಅಡ್ಡ ಇಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದೇ ಆ ಕಡೆಯಿಂದ. ಅದನ್ನು ಮುಚ್ಚಿ, ಉಸಿರು ಕಟ್ಟುತ್ತದೆ ಎಂದು ಎಸಿ ಹಾಕುತ್ತಾರೆ. ಎರಚಲು ಹೊಡೆಯುತ್ತದೆ ಎಂಬ ತೊಂದರೆ ನಿಜ, ಆದರೆ ಅದಕ್ಕೆ ಹಿಂದಿನವರ ಉತ್ತರ ಉದ್ದನೆಯ ಸೂರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಸೂರು ಹೆಂಚಿನದಾಯಿತು. ಸಂದುಗಳಿಂದ ಬಿಸಿಗಾಳಿ ಹೊರಹೋಗುವ ಮಾಡಿನ ಕೆಳಗೆ ಎಷ್ಟೋ ಹಳೆಯ ಕಚೇರಿಗಳು ನಡೆದವು. ಇವತ್ತಿನ ಗಾಜಿನ ಮುಖದ ಕಟ್ಟಡಕ್ಕೂ ಕಿಟಕಿಯ ಮೇಲೆ ಮೂರು ಅಡಿಯ ತಗಡಿನ ಮಾಡು ಕೂರಿಸಬಹುದು. ಎದುರು ಗೋಡೆಯಲ್ಲಿ ಗಾಳಿ ಹೊರಹೋಗಲು ಇನ್ನೊಂದು ಕಿಂಡಿ ಬೇಕು, ಇಲ್ಲದಿದ್ದರೆ ಗಾಳಿ ಒಳಗೇ ಬರುವುದಿಲ್ಲ.

ರಿಮೋಟಿನಲ್ಲಿ 18 ಒತ್ತಿದರೆ ಕೋಣೆ ಬೇಗ ತಂಪಾಗುತ್ತದೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಶಿವಮೊಗ್ಗದ ಬಸ್ಸಿನ ಬೋರ್ಡಿನಲ್ಲಿ ಸಾಗರ ಅಳಿಸಿ ಜೋಗ ಎಂದು ಬರೆದರೆ ಬಸ್ಸು ವೇಗವಾಗಿ ಓಡುವುದಿಲ್ಲ, ಇನ್ನೂ ದೂರ ಹೋಗುತ್ತದೆ. ಮಳೆಗಾಲದಲ್ಲಿ 18ಕ್ಕೆ ಇನ್ನೊಂದು ಶಿಕ್ಷೆಯೂ ಇದೆ. ಹೊರಗಿನ ಗಾಳಿ 23 ಡಿಗ್ರಿಗೆ ಇಳಿದರೆ ಸಾಕು, ಇಬ್ಬನಿ ಕಟ್ಟುತ್ತದೆ. ಅದಕ್ಕಿಂತ ತಣ್ಣಗಾದ ಗೋಡೆಗೆ ಆ ಗಾಳಿ ಸಂದಿನಲ್ಲಿ ತಗುಲಿದರೆ ನೀರೊಡೆಯುತ್ತದೆ, ಕಡತಗಳ ಹಿಂದೆ ಬೂಷ್ಟು ಬೆಳೆಯುತ್ತದೆ.

ಕುಂಡದ ಗಿಡ ಗಾಳಿ ಶುದ್ಧಮಾಡುತ್ತದೆ ಎಂಬ ಮಾತು ನಾಸಾದ 1989ರ ಪ್ರಯೋಗದಿಂದ ಹರಡಿದ್ದು. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಪ್ರಯೋಗ. ತೆರೆದ ಕಿಟಕಿಗೆ ಸಮನಾಗಬೇಕಾದರೆ ಕುಳಿತುಕೊಳ್ಳಲು ಜಾಗ ಇರದಷ್ಟು ಗಿಡಗಳು ಬೇಕು. ಎಸಿ ಕೋಣೆಯಲ್ಲಿ ಗಿಡ ಬಿಡುವ ಆವಿಯನ್ನೂ ಎಸಿಯೇ ಹಿಂಡಬೇಕು. ಚೆಂದಕ್ಕೆ ಇಡಿ. ನೀರು ಹಾಕುವ ಏರ್ ಕೂಲರನ್ನು ಜುಲೈನಲ್ಲಿ ಓಡಿಸುವುದಂತೂ ತೇವಕ್ಕೆ ತೇವ ಸೇರಿಸುವ ಕೆಲಸ.

ಏಪ್ರಿಲ್‌ನ ಶಿವಮೊಗ್ಗ ಬೇರೆಯೇ ಊರು. ಆರ್‌ಸಿಸಿ ಛಾವಣಿ ಕಾದು ಕೂತಿರುವಾಗ ಎಸಿ ಬೇಕೆನ್ನುವವರನ್ನು ನಾನು ದೂರುವುದಿಲ್ಲ. ಛಾವಣಿಗೆ ಬಿಳಿ ಬಣ್ಣ ಬಳಿದು, 26ಕ್ಕೆ ಇಟ್ಟು, ಜೊತೆಗೆ ಫ್ಯಾನ್ ತಿರುಗಿಸಿದರೆ ಸಾಕು. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಹೇಳುತ್ತದೆ.

ಆದರೆ ಬೇಸಿಗೆಗೆ ಮುಂಚೆ "ಗ್ಯಾಸ್ ತುಂಬಿಸುವ" ವಾರ್ಷಿಕ ಪದ್ಧತಿಯನ್ನು ನಿಲ್ಲಿಸಬೇಕು. ಎಸಿಯ ಗ್ಯಾಸ್ ಅಡುಗೆ ಅನಿಲದಂತೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಅನಿಲ ಸುತ್ತುತ್ತಿರುತ್ತದೆ, ಕಡಿಮೆಯಾಗಿದೆ ಎಂದರೆ ಸೋರಿದೆ ಎಂದರ್ಥ. ಹಲವು ಹಳೆಯ ಎಸಿಗಳಲ್ಲಿರುವ ಆರ್-410ಎ ಎಂಬ ಗ್ಯಾಸ್ ಒಂದು ಕಿಲೋ ಸೋರಿದರೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಎರಡು ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಎಂದು ಹಿಡಿದರೆ ಅದು 3,000 ಯೂನಿಟ್‌ನಷ್ಟಾಯಿತು. ಮೆಕ್ಯಾನಿಕ್ ಬಂದಾಗ ಮೊದಲು ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಲು ಹೇಳಿ, ಆಮೇಲೆ ನೈಟ್ರೋಜನ್ ಒತ್ತಡ ಹಾಕಿ ಸೋರುವ ಜಾಗ ಹುಡುಕಿಸಿ, ಬೆಸುಗೆ ಹಾಕಿಸಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಹೊರಗಿನ ಘಟಕದ ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. ಹೊಸದು ಕೊಳ್ಳುವವರು ಆ ಪಟ್ಟಿಯಲ್ಲಿ ಆರ್-32 ಅಥವಾ ಆರ್-290 ಎಂದಿದೆಯೇ ನೋಡಿ: ಮೊದಲನೆಯದರ ಹಾನಿ 410ಎಯ ಮೂರನೇ ಒಂದರಷ್ಟು, ಎರಡನೆಯದು ಶುದ್ಧ ಪ್ರೊಪೇನ್, ಅದರದು ನಗಣ್ಯ.