ಹಾಲವಾಣ ಇದ್ದರೆ ಯೂರಿಯಾ ಬೇಡವೇ?

ಪ್ರಶ್ನೆ: ನಮ್ಮದು ಅರೇಬಿಕಾ ಕಾಫಿ ತೋಟ. ನೆರಳಿಗೆ ಹಾಲವಾಣದ ಮರ ಬೇಕಾದಷ್ಟಿದೆ. ಅದು ಗಾಳಿಯ ಸಾರಜನಕ ಹಿಡಿದು ಕಾಫಿ ಬೇರಿಗೆ ಕೊಡುತ್ತದಂತೆ. ಹಾಗಾದರೆ ಯೂರಿಯಾ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ. ಗೊಬ್ಬರ ತರುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಈ ಸಲ ಉದ್ದವಾಗಿಯೇ ಹೇಳಿಬಿಡುತ್ತೇವೆ. ‘ಸಾರಜನಕ ಹಿಡಿದು’ ಎನ್ನುವವರೆಗೆ ನೀವು ಕೇಳಿದ್ದು ಸರಿ. ಅಲ್ಲಿಂದ ಮುಂದಿನದು ತಪ್ಪು.

ಬೇರಿನ ಗಂಟುಗಳಲ್ಲಿದ್ದು ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾ ದುಡಿಯುವುದು ಹಾಲವಾಣಕ್ಕೆ, ಪಕ್ಕದ ಕಾಫಿ ಗಿಡಕ್ಕಲ್ಲ. ಹಿಡಿದದ್ದರಲ್ಲಿ ಬಹುಪಾಲು ಮೇಲೇರಿ ಎಲೆ, ಚಿಗುರು ಸೇರುತ್ತದೆ. ಎರಡು ಮರದ ಬೇರು ತಾಗಿಕೊಂಡಿದ್ದ ಮಾತ್ರಕ್ಕೆ ನಲ್ಲಿ ತಿರುಗಿಸಿದಂತೆ ಅತ್ತಿಂದಿತ್ತ ಹರಿಯುವುದಿಲ್ಲ. ಕಾಫಿಗೆ ಸಿಗಬೇಕಾದರೆ ಎಲೆ ನೆಲಕ್ಕೆ ಬಿದ್ದು ಕೊಳೆಯಬೇಕು. ಇಲ್ಲವೇ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಆದ ಮೇಲೆ ಸಾಯುವ ಎಳೆ ಬೇರು, ಗಂಟುಗಳು ಮಣ್ಣಿನಲ್ಲಿ ಕರಗಬೇಕು.

ಎಷ್ಟು ಸಿಗುತ್ತದೆ? ಒಣಗಿದ ಹಾಲವಾಣದ ಎಲೆಯಲ್ಲಿ ಸಾರಜನಕ ಸುಮಾರು ಶೇ. 3ರಿಂದ 4. ಹಸಿ ಸೊಪ್ಪು ಒಣಗಿದರೆ ಉಳಿಯುವುದು ಹೆಚ್ಚುಕಮ್ಮಿ ಕಾಲು ಭಾಗ. 40 ಕೆ.ಜಿ. ಹಸಿ ಸೊಪ್ಪೆಂದರೆ 10 ಕೆ.ಜಿ. ಒಣ ಎಲೆ, ಅಂದರೆ 350 ಗ್ರಾಂ ಸಾರಜನಕ. ಯೂರಿಯಾದಲ್ಲಿರುವುದು ಶೇ. 46, ಹಾಗಾಗಿ ಇದು ಮುಕ್ಕಾಲು ಕೆ.ಜಿ. ಯೂರಿಯಾಕ್ಕೆ ಸಮ. ತೂಗುವಾಗ ಕೊಂಬೆ ಸೇರಿಸಬೇಡಿ, ಅದರಲ್ಲಿ ಸಾರಜನಕ ತೀರಾ ಕಡಿಮೆ. ಸೊಪ್ಪನ್ನು ದನಕ್ಕೆ ಹೊತ್ತುಕೊಂಡು ಹೋಗಿ ಕೊಟ್ಟಿಗೆ ಗೊಬ್ಬರವನ್ನು ಗದ್ದೆಗೆ ಹಾಕಿದರೆ ಕಾಫಿಯ ಪಾಲಿಗೆ ಸೊನ್ನೆ. ಸೊಪ್ಪು ತೋಟದಲ್ಲೇ ಉಳಿದರೆ ಯೂರಿಯಾ ಸ್ವಲ್ಪ ಇಳಿಸಬಹುದು, ಅದೂ ಮಣ್ಣು ಪರೀಕ್ಷೆ ನೋಡಿಕೊಂಡು.

ಇನ್ನು ಪೊಟ್ಯಾಷ್. ಫಸಲಿನ ಜೊತೆ ತೋಟ ಬಿಟ್ಟುಹೋಗುವುದರಲ್ಲಿ ಅದರದ್ದೂ ಸಾರಜನಕದಷ್ಟೇ ದೊಡ್ಡ ಪಾಲು. ಗಾಳಿಯಿಂದ ಪೊಟ್ಯಾಷ್ ಹಿಡಿಯುವ ಮರ ಯಾವುದೂ ಇಲ್ಲ! ಪಲ್ಪರ್ ಯಂತ್ರ ಕಾಫಿ ಹಣ್ಣಿನಿಂದ ಬಿಡಿಸಿದ ಸಿಪ್ಪೆಯಲ್ಲಿ ಅದು ಧಾರಾಳವಾಗಿದೆ. ಆ ಸಿಪ್ಪೆಯನ್ನು ಹಳ್ಳಕ್ಕೆ ತಳ್ಳುವವರು ಗೊಬ್ಬರ ಉಳಿಸುವ ಮಾತಾಡದಿದ್ದರೆ ಒಳ್ಳೆಯದು.

ನಿಮ್ಮ ಹಾಲವಾಣ ದುಡಿಯುತ್ತಿದೆಯೇ ಎಂದು ಮೊದಲು ನೋಡಿ. ಮಳೆಗಾಲದಲ್ಲಿ ಎಳೆ ಬೇರು ಬಿಡಿಸಿ ಗಂಟು ಸೀಳಿದಾಗ ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಸರಿ. ಹಸಿರು, ಕಂದು ಆಗಿದ್ದರೆ ಕೆಲಸ ನಿಂತಿದೆ. ಈ ಗಂಟು ಉಗುರಿನಲ್ಲಿ ತಳ್ಳಿದರೆ ಕಳಚಿಬರುತ್ತದೆ. ಬೇರೇ ಊದಿಕೊಂಡಿದ್ದು ಕಳಚದಿದ್ದರೆ ಅದು ಮಣ್ಣಿನಲ್ಲಿರುವ ಜಂತುಹುಳುವಿನ ಗಂಟು. ಹುಳಿ ಮಣ್ಣಿನಲ್ಲಿ, ಯೂರಿಯಾ ಸುರಿದ ಜಾಗದಲ್ಲಿ ಗಂಟು ಕಟ್ಟುವುದೇ ಕಡಿಮೆ.

ಮರಗಸಿ ಮುಂಗಾರಿಗೆ ಮುಂಚೆ ಮುಗಿಯಲಿ. ನೆರಳು ದಟ್ಟವಾದರೆ ಮಳೆಯಲ್ಲಿ ಕೊಳೆರೋಗ (ಅದರ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲಿರುವ ‘ಕೊಳೆರೋಗ’ ನಮ್ಮ ಕನ್ನಡದ್ದೇ), ಪೂರ್ತಿ ಬೋಳಿಸಿದರೆ ಬಿಸಿಲಿಗೆ ಕಾಫಿ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳು.

‘ಹಾಗಾದರೆ ಹಾಲವಾಣ ತೆಗೆದು ಸಿಲ್ವರ್ ಓಕ್ ಹಾಕೋಣವೇ’ ಎಂದು ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಆಸ್ಟ್ರೇಲಿಯಾದಿಂದ ಬಂದ ಆ ಮರ ನೇರವಾಗಿ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯದು, ನಾಟಾಕ್ಕೂ ಆಗುತ್ತದೆ. ಆದರೆ ಸಾರಜನಕ ಹಿಡಿಯುವುದಿಲ್ಲ, ಎಲೆ ಕರಗುವುದೂ ನಿಧಾನ. ಮೇಲಿನ ನೆರಳಿಗೆ ಅದಿರಲಿ, ಕೆಳಗಿನ ನೆರಳಿಗೆ ಹಾಲವಾಣವೇ ಇರಲಿ.

ಖಾಲಿ ಜಾಗಕ್ಕೆ ಜೂನ್‌ನಲ್ಲಿ ಹಾಲವಾಣದ 2 ಮೀಟರ್ ಉದ್ದದ ಗೂಟ ನೆಡಿ, ಎರಡು ಕಾಫಿ ಗಿಡಕ್ಕೆ ಒಂದರಂತೆ. ಮೊದಲ ಬೇಸಿಗೆಯಲ್ಲಿ ತೊಗಟೆ ಸುಟ್ಟುಹೋಗದಂತೆ ತೆಳು ಸುಣ್ಣ ಬಳಿಯಿರಿ. ಎಲೆ ತೊಟ್ಟು, ಚಿಗುರು ಊದಿಕೊಂಡ ಮರದಿಂದ ಗೂಟ ಕಡಿಯಬೇಡಿ: ಅದು ಗಂಟು ಕಟ್ಟಿಸುವ ಪುಟ್ಟ ಕಣಜದ ಕೆಲಸ, ಗೂಟದ ಚಿಗುರಿನ ಜೊತೆ ಅದೂ ನಿಮ್ಮ ತೋಟಕ್ಕೆ ಬರುತ್ತದೆ.