ಕಥೆ, ಕವಿತೆ, ನಾಟಕ: ಸಾರಾಂಶ ಬರೆದರೂ ಅಂಕ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ಕುಮಟಾ ಸಮೀಪದ ಕಾಲೇಜೊಂದರಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೇನೆ. ಸಾಹಿತ್ಯದ ಪಠ್ಯದಲ್ಲಿ ಸಣ್ಣಕಥೆ, ಕವಿತೆ, ನಾಟಕ ಮೂರೂ ಇವೆ. ಎಲ್ಲದರ ಸಾರಾಂಶವೂ ನನಗೆ ಬಾಯಿಪಾಠವಾಗಿದೆ. ಆದರೂ ಉತ್ತರದ ಬದಿಯಲ್ಲಿ ‘ಬರೀ ಕಥೆ ಹೇಳಿದ್ದೀರಿ’ ಎಂದು ಬರೆದು ಅಂಕ ಕಳೆಯುತ್ತಾರೆ. ಈ ಮೂರನ್ನೂ ಬೇರೆ ಬೇರೆ ರೀತಿಯಲ್ಲಿ ಓದಬೇಕೆ?

ಉತ್ತರ: ಹೌದು, ಬೇರೆ ಬೇರೆಯಾಗಿಯೇ ಓದಬೇಕು. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯನ್ನು ನೀವು ಹೈಸ್ಕೂಲಿನಿಂದಲೂ ಕಂಡಿದ್ದೀರಿ. ಅದರಲ್ಲಿ ಕೇಳಿರುವುದು ಎರಡು ಸಂಗತಿಗಳನ್ನು. ಗೈಡುಗಳು ತುಂಬಿಕೊಡುವುದು ಮೊದಲನೆಯದನ್ನು ಮಾತ್ರ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು ಮುಗಿದ ಮೇಲೆ ‘ಈ ಮಾತು ಬಹಳ ಅರ್ಥಪೂರ್ಣವಾಗಿದೆ’ ಎಂಬ ಒಂದು ಸಾಲಿನಲ್ಲಿ ಸ್ವಾರಸ್ಯವನ್ನು ದಾಟಿಬಿಡುವ ಅಭ್ಯಾಸವೇ ಕಾಲೇಜಿನಲ್ಲಿಯೂ ಮುಂದುವರಿಯುತ್ತದೆ. ಕಥೆಯದಾಗಲಿ, ಕವಿತೆಯದಾಗಲಿ, ನಾಟಕದ್ದಾಗಲಿ, ಸಾರಾಂಶ ನೋಡುವುದಕ್ಕೆ ಒಂದೇ ತೆರನಾಗಿರುತ್ತದೆ. ಸಾರಾಂಶ ಮಾಡುವಾಗ ಕೈಬಿಟ್ಟುಹೋಗುವ ಭಾಗದಲ್ಲಿಯೇ ಆಯಾ ಪ್ರಕಾರದ ಕೆಲಸ ನಡೆದಿರುತ್ತದೆ, ಮತ್ತು ನಿಮ್ಮ ಅಧ್ಯಾಪಕರು ಕೇಳುತ್ತಿರುವುದು ಅದನ್ನು.

ಒಂದು ಸಣ್ಣ ಪ್ರಸಂಗವನ್ನು ಮೂರು ಪ್ರಕಾರಗಳಲ್ಲಿಯೂ ಇಟ್ಟು ನೋಡೋಣ. ಅಘನಾಶಿನಿ ಹೊಳೆಯ ದಡದಲ್ಲಿ ಸಂಜೆಯ ಕೊನೆಯ ತಾರಿ, ಎಂದರೆ ಹೊಳೆ ದಾಟಿಸುವ ದೋಣಿ, ಹೊರಟುಹೋಗಿದೆ. ಮೀನು ಮಾರಿ ಮರಳುತ್ತಿದ್ದ ಹೆಂಗಸೊಬ್ಬಳು ತದಡಿಯ ದಕ್ಕೆಯ (ದೋಣಿಕಟ್ಟೆಯ) ಮೇಲೆ ಉಳಿದುಬಿಟ್ಟಿದ್ದಾಳೆ. ಕಥೆಗಾರನೊಬ್ಬ ಇದನ್ನು ಹೀಗೆ ಬರೆಯಬಹುದು: ‘ಕೊನೆಯ ತಾರಿ ಹೊರಟಿತ್ತು. ಬರಿದಾದ ಬುಟ್ಟಿಯನ್ನು ಪಕ್ಕಕ್ಕಿಟ್ಟು ಅವಳು ದಕ್ಕೆಯ ಮೇಲೆ ಕುಳಿತಳು. ಮಗು ಈಗ ಎದ್ದಿರಬಹುದು ಅನ್ನಿಸಿತು.’ ಇನ್ನೊಬ್ಬ ಹೀಗೆ ಬರೆಯಬಹುದು: ‘ಅವಳು ಕೂಗಿದ್ದು ನನಗೆ ಕೇಳಿಸಿತ್ತು. ಆದರೆ ಎಂಜಿನ್ ಆಗಲೇ ಶುರುವಾಗಿತ್ತು. ದಿನವೂ ತಡಮಾಡುವವರಿಗೆ ಒಂದು ದಿನವಾದರೂ ಬುದ್ಧಿ ಬರಬೇಕಲ್ಲ.’ ಎರಡರ ಸಾರಾಂಶವೂ ‘ಹೆಂಗಸಿಗೆ ತಾರಿ ತಪ್ಪಿತು’ ಎಂಬುದೇ. ಆದರೆ ಮೊದಲನೆಯದರಲ್ಲಿ ನಿರೂಪಕನು ಅವಳ ಮನಸ್ಸಿನೊಳಗೆ ಇಳಿದಿದ್ದಾನೆ. ಎರಡನೆಯದರಲ್ಲಿ ದೋಣಿಯವನು ತನ್ನನ್ನು ತಾನು ಸಮರ್ಥಿಸಿಕೊಳ್ಳುತ್ತಿದ್ದಾನೆ, ಮತ್ತು ಯಾರೂ ಕೇಳದೆಯೇ ಕೊಡುವ ಈ ಸಮರ್ಥನೆಯಿಂದಲೇ ಅವನ ಮೇಲೆ ನಮಗೆ ಅನುಮಾನ ಹುಟ್ಟುತ್ತದೆ. ಆದ್ದರಿಂದ ಕಥೆಯನ್ನು ಓದುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ‘ಇದನ್ನು ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು, ಅವರು ಏನನ್ನು ಮುಚ್ಚಿಡುತ್ತಿದ್ದಾರೆ’ ಎಂಬುದನ್ನು. ಪಾತ್ರ, ಸನ್ನಿವೇಶ, ವಸ್ತು ಎಂದು ಗೈಡಿನಲ್ಲಿರುವ ತಲೆಬರಹಗಳೆಲ್ಲ ಆಮೇಲಿನವು.

ಅದೇ ಪ್ರಸಂಗ ಪದ್ಯವಾದರೆ ಏನಾಗುತ್ತದೆ ಎಂಬುದನ್ನು ತೋರಿಸುವುದಕ್ಕೆಂದೇ ಹೊಸೆದ ಎರಡು ಸಾಲು ಇಲ್ಲಿವೆ. ಇದನ್ನು ದೊಡ್ಡ ಕವಿತೆಯೆಂದು ಯಾರೂ ತಿಳಿಯಬೇಕಾಗಿಲ್ಲ.

ಕೊನೆಯ ತಾರಿಯು ಹೋಯ್ತು, ಹೊಳೆಯಾಚೆ ದೀಪ;
ದಕ್ಕೆಯಲಿ ಕುಳಿತವಳ ಮೌನದಲಿ ಕೋಪ.

ಗಟ್ಟಿಯಾಗಿ ಓದಿ. ಪ್ರತಿ ಸಾಲೂ ಐದೈದು ಮಾತ್ರೆಗಳ ಮೂರು ಗಣಗಳಲ್ಲಿ ನಡೆದು, ಕೊನೆಯಲ್ಲಿ ಮೂರೇ ಮಾತ್ರೆಗೆ ತುಂಡಾಗಿ ನಿಲ್ಲುತ್ತದೆ. ಆ ನಿಲುಗಡೆ ಬಿದ್ದಿರುವುದು ‘ದೀಪ’ ಮತ್ತು ‘ಕೋಪ’ ಎಂಬ ಎರಡು ಪದಗಳ ಮೇಲೆ. ಅವಳ ಕೋಪ ದೀಪದಂತೆ ಉರಿಯುತ್ತಿತ್ತು ಎಂದು ಇಲ್ಲಿ ಎಲ್ಲಿಯೂ ಹೇಳಿಲ್ಲ. ದೀಪ ಮನೆಯದು, ದೂರದ್ದು. ಕೋಪ ಇಲ್ಲಿಯದು, ಒಳಗಿನದು. ಎರಡನ್ನೂ ಜೋಡಿಸಿರುವುದು ಅಂತ್ಯಪ್ರಾಸವೊಂದೇ. ‘ಆಚೆ ದಡದಲ್ಲಿ ದೀಪವಿತ್ತು, ಅವಳಿಗೆ ಸಿಟ್ಟು ಬಂದಿತ್ತು’ ಎಂದು ಗದ್ಯಕ್ಕೆ ತಂದುಕೊಂಡ ಕೂಡಲೇ ಆ ಜೋಡಣೆ ಕಳಚಿಕೊಳ್ಳುತ್ತದೆ. ಛಂದಸ್ಸಿನ ಪ್ರಶ್ನೆಗೆ ಗಣ ವಿಂಗಡಿಸಿ ಅಷ್ಟಕ್ಕೇ ನಿಲ್ಲಿಸುವವರು ಅರ್ಧ ಕೆಲಸ ಮಾಡಿರುತ್ತಾರೆ: ಲಯ ಎಲ್ಲಿ ಮುರಿಯಿತು, ಅಲ್ಲಿ ಯಾವ ಪದವಿದೆ ಎಂಬುದನ್ನೂ ಹೇಳಿದರೆ ಅದೇ ಸ್ವಾರಸ್ಯವಾಗುತ್ತದೆ. ನಿಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿಯವರ ಚುಟುಕಗಳು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ನಾಲ್ಕೇ ಸಾಲುಗಳಾದ್ದರಿಂದ ಎಲ್ಲಿ ತಿರುವು ಬಂತು ಎಂಬುದು ತಪ್ಪಿಸಿಕೊಳ್ಳುವುದಿಲ್ಲ. (ಗದ್ಯ, ಪದ್ಯಗಳ ನಡುವಿನ ಗೆರೆ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಬನವಾಸಿಯನ್ನು ಹಾಡಿಹೊಗಳಿದ ಪಂಪನ ಚಂಪೂಕಾವ್ಯದಲ್ಲಿ ಎರಡೂ ಬೆರೆತಿವೆ. ಮೊದಲ ವರ್ಷದಲ್ಲಿ ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.)

ನಾಟಕದಲ್ಲಿ ನಿರೂಪಕನೂ ಇಲ್ಲ, ‘ಅವಳಿಗೆ ಅನ್ನಿಸಿತು’ ಎಂದು ಹೇಳುವವರೂ ಇಲ್ಲ. ಅವಳು ‘ನಾಳೆ ಮೊದಲ ತಾರಿ ಎಷ್ಟು ಗಂಟೆಗೆ?’ ಎಂದು ಕೇಳುತ್ತಾಳೆ. ದಕ್ಕೆಯ ಮೇಲಿರುವ ಹುಡುಗ ಉತ್ತರಿಸದೆ ಹಗ್ಗ ಸುತ್ತುತ್ತಿರುತ್ತಾನೆ. ಆ ಹಗ್ಗ ಸುತ್ತುವಿಕೆ ಪುಸ್ತಕದಲ್ಲಿ ಆವರಣದೊಳಗಿನ ಒಂದು ರಂಗಸೂಚನೆ ಮಾತ್ರ. ಅದನ್ನು ಹಾರಿಸಿ ಬರೀ ಸಂಭಾಷಣೆ ಓದಿದವರಿಗೆ ನಾಟಕ ಸಪ್ಪೆಯಾಗಿ ಕಾಣುವುದು ಸಹಜ.

ಆದರೆ ಈ ವಿಷಯದಲ್ಲಿ ಉತ್ತರ ಕನ್ನಡದ ವಿದ್ಯಾರ್ಥಿಗೆ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಯಕ್ಷಗಾನದ ಆಟವನ್ನೋ, ಶಿರಸಿ, ಸಿದ್ದಾಪುರಗಳ ಕಡೆಯ, ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಳೆಯನ್ನೋ ನೋಡಿದವರಿಗೆ ಪಠ್ಯ ಬೇರೆ, ಪ್ರಯೋಗ ಬೇರೆ ಎಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿರುವುದು ಭಾಗವತರು ಹಾಡುವ ಪದ್ಯಗಳು. ಪಾತ್ರ ವಹಿಸಿ ಮಾತಾಡುವ ಅರ್ಥಧಾರಿಗಳ ಮಾತು ಹುಟ್ಟುವುದು ಅಲ್ಲಿಯೇ, ಆಗಲೇ. ಕೃಷ್ಣಸಂಧಾನದ ಒಂದೇ ಪದ್ಯಕ್ಕೆ ಒಬ್ಬರ ಕೃಷ್ಣ ನಿಜಕ್ಕೂ ಸಂಧಿಯನ್ನು ಬಯಸುತ್ತಾನೆ. ಇನ್ನೊಬ್ಬರ ಕೃಷ್ಣ ಯುದ್ಧವನ್ನು ಒಳಗೊಳಗೇ ನಿಶ್ಚಯಿಸಿಕೊಂಡೇ ಬಂದಿರುತ್ತಾನೆ. ನಿಮ್ಮ ಪಠ್ಯದ ನಾಟಕವನ್ನೂ ಹೀಗೆಯೇ ಹಿಡಿಯಿರಿ: ಈ ಮಾತನ್ನು ಎಷ್ಟು ರೀತಿಯಲ್ಲಿ ಆಡಬಹುದು, ಆಗ ರಂಗದ ಮೇಲೆ ಇನ್ನಾರಿದ್ದಾರೆ, ಸುಮ್ಮನಿರುವವರು ಏಕೆ ಸುಮ್ಮನಿದ್ದಾರೆ?

ಕಾರವಾರದಲ್ಲಿಯೇ ಹುಟ್ಟಿದ ನಾಟಕವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ಬಳಿ ಬಂದು ತಂಗಿದ್ದ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ಎಂಬ ಪದ್ಯನಾಟಕವನ್ನು ಬರೆದರು. ಎಲ್ಲ ಬಂಧನಗಳನ್ನೂ ಕಡಿದುಕೊಂಡೆನೆಂದು ನಂಬಿದ ಸಂನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳ ಮಮತೆ ಮತ್ತೆ ಲೋಕಕ್ಕೆ ಎಳೆಯುತ್ತದೆ ಎಂಬುದು ಅದರ ಸಾರಾಂಶ. ದಾರಿಹೋಕರು, ಹಳ್ಳಿಯವರು ಬಂದು ತಮ್ಮ ಮನೆಮಾರಿನ ಕ್ಷುಲ್ಲಕ ಸಂಗತಿಗಳನ್ನು ಹರಟುವ ಭಾಗಗಳು ಆ ಸಾರಾಂಶದಲ್ಲಿ ಪೂರ್ತಿಯಾಗಿ ಬಿಟ್ಟುಹೋಗುತ್ತವೆ. ಆದರೆ ಸಂನ್ಯಾಸಿ ತೊರೆದದ್ದು ಯಾವ ಲೋಕವನ್ನು ಎಂಬುದು ಪ್ರೇಕ್ಷಕರ ಕಿವಿಗೆ ಬೀಳುವುದು ಆ ಹರಟೆಯಲ್ಲಿಯೇ. ಅದಿಲ್ಲದಿದ್ದರೆ ಅವನು ಮರಳಿ ಬರುವುದಕ್ಕೆ ತೂಕವಿರುವುದಿಲ್ಲ.

ಉತ್ತರ ಬರೆಯುವಾಗ ಸಂದರ್ಭವನ್ನು ಎರಡು ಮೂರು ವಾಕ್ಯಗಳಲ್ಲಿ ಮುಗಿಸಿ, ಪಠ್ಯದ ಒಂದು ಮಾತನ್ನೋ ಸಾಲನ್ನೋ ಯಥಾವತ್ತಾಗಿ ಉದ್ಧರಿಸಿ, ಅದನ್ನು ಬೇರೆ ರೀತಿಯಲ್ಲಿ ಬರೆದಿದ್ದರೆ ಏನು ಹೋಗುತ್ತಿತ್ತು ಎಂಬುದನ್ನು ವಿವರಿಸಿ. ನಾಲ್ಕು ಉದ್ಧರಣೆಗಳನ್ನು ಪೇರಿಸುವುದಕ್ಕಿಂತ ಒಂದರ ಮೇಲೆ ಅರ್ಧ ಪುಟ ಬರೆಯುವುದು ಮೇಲು. ಗೈಡನ್ನು ಬಿಸಾಡಬೇಕಿಲ್ಲ, ಮೂಲಪಾಠವನ್ನು ಎರಡು ಸಲ ಓದಿ, ಅದರಲ್ಲಿ ಪದ್ಯವನ್ನು ಒಂದು ಸಲವಾದರೂ ಗಟ್ಟಿಯಾಗಿ ಓದಿ, ನಿಮ್ಮದೇ ಟಿಪ್ಪಣಿ ಮಾಡಿಕೊಂಡ ಮೇಲೆ ಅದನ್ನು ತೆರೆಯಿರಿ.