ತಾಟೆಯ ಬೆನ್ನಿಗೊಂದು ಚೀಟಿ

ಮಂಜೇಶ್ವರದ ದೋಣಿಯಲ್ಲಿ ಅದು ತಾಟೆ, ಬಲೆ ಎಳೆಯುವವರು ಮಲಯಾಳಿಗಳಾದರೆ ಸ್ರಾವು, ಪತ್ರಿಕೆಗೆ ಬರುವಾಗ ಶಾರ್ಕ್. ತಲಪಾಡಿಯ ಗಡಿ ದಾಟಿದರೆ ಹೆಸರಿನಂತೆ ಕಾನೂನೂ ಬದಲು: ಮಳೆಗಾಲದ ಟ್ರಾಲಿಂಗ್ ನಿಷೇಧ ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52. ಆದರೆ ತಾಟೆ ಯಾವ ಕಡಲಿನದ್ದು?

ಈ ಪ್ರಶ್ನೆಗೆ ಮೊದಮೊದಲು ಉತ್ತರ ಹುಡುಕಿದ್ದು ಚೀಟಿಯ ಮೂಲಕ. ಅಮೆರಿಕದಲ್ಲಿ 1962ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಗಾಳ ಹಾಕುವ ಹವ್ಯಾಸಿಗಳೇ ಹಿಡಿದ ಶಾರ್ಕಿನ ಬೆನ್ನಿಗೆ ಟ್ಯಾಗ್ ಚುಚ್ಚಿ ಬಿಡುತ್ತಿದ್ದರು. ಸಿಕ್ಕರೆ ತಿಳಿಸಿ ಎಂಬ ಮಾತು ಅದರಲ್ಲಿ ಹಲವು ಭಾಷೆಗಳಲ್ಲಿರುತ್ತಿತ್ತು. (ಸಪ್ತಭಾಷೆಯ ಕಾಸರಗೋಡಿಗೆ ಹೇಳಿ ಮಾಡಿಸಿದ ಚೀಟಿ!) ತೊಡಕೆಂದರೆ, ಅದೇ ಮೀನು ಮತ್ತೆ ಯಾರದೋ ಕೈಗೆ ಬೀಳಬೇಕು. ಬಿದ್ದರೂ ಬಿಟ್ಟ ಜಾಗ, ಸಿಕ್ಕ ಜಾಗ ಎರಡೇ ಗೊತ್ತು. ನಡುವಿನ ದಾರಿ ಕಡಲಿಗೇ ಗೊತ್ತು.

ಉಪಗ್ರಹ ಬಂದ ಮೇಲೂ ಕೆಲಸ ಸುಲಭವಾಗಲಿಲ್ಲ. ರೇಡಿಯೋ ಅಲೆ ಉಪ್ಪುನೀರನ್ನು ಸೀಳಿ ಬರುವುದಿಲ್ಲ. ಹಾಗಾಗಿ ಬೆನ್ನಿನ ರೆಕ್ಕೆಗೆ ಕೂರಿಸಿದ ಸಾಧನ ಮೀನು ಮೇಲೆ ಬಂದಾಗ ಮಾತ್ರ ಮಾತಾಡುತ್ತದೆ. ಇನ್ನೊಂದು ಬಗೆ, ಆಳ, ಬಿಸಿ, ಬೆಳಕನ್ನು ತಿಂಗಳುಗಟ್ಟಲೆ ಬರೆದಿಟ್ಟುಕೊಂಡು, ಗೊತ್ತುಮಾಡಿದ ದಿನ ತಾನೇ ಕಳಚಿ ತೇಲಿ, ಬರೆದದ್ದನ್ನು ಉಪಗ್ರಹಕ್ಕೆ ಕಳಿಸುತ್ತದೆ. 2003ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಥ ಟ್ಯಾಗ್ ಹೊತ್ತ ನಿಕೋಲ್ ಎಂಬ ಬಿಳಿ ಶಾರ್ಕ್ 99 ದಿನದಲ್ಲಿ ಆಸ್ಟ್ರೇಲಿಯಾ ಮುಟ್ಟಿತು. ಒಂಬತ್ತು ತಿಂಗಳೊಳಗೆ ಹೊರಟ ಜಾಗಕ್ಕೇ ವಾಪಸು. ಟ್ಯಾಗ್ ಆಗಲೇ ಕಳಚಿತ್ತು, ಗುರುತು ಹಿಡಿದದ್ದು ರೆಕ್ಕೆಯ ಫೋಟೋದಿಂದ.

ನಮ್ಮಲ್ಲಿ ಕಥೆ ತಿರುಗುಮುರುಗು. ಗುಜರಾತಿನ ವೆರಾವಲ್ ಕಡೆ ತಿಮಿಂಗಿಲ ಶಾರ್ಕನ್ನು ಎಣ್ಣೆಗೂ ಮಾಂಸಕ್ಕೂ ಬೇಟೆಯಾಡುತ್ತಿದ್ದರು. ಯಕೃತ್ತಿನ ಎಣ್ಣೆ ಮರದ ದೋಣಿಗೆ ಬಳಿಯಲು. 2001ರ ಮೇಯಲ್ಲಿ ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಬೇಟೆ ನಿಷಿದ್ಧವಾದ ಪ್ರಾಣಿಗಳ ಪಟ್ಟಿಗೆ, ಸೇರಿತು. ದೇಶದ ಮೊದಲ ಉಪಗ್ರಹ ಟ್ಯಾಗ್ ಅದಕ್ಕೆ ಬಿದ್ದದ್ದು 2011ರ ಮಾರ್ಚಿನಲ್ಲಿ, ಅದೇ ಗುಜರಾತಿನಲ್ಲಿ. ಎಲ್ಲಿ ಓಡಾಡುತ್ತದೆಂದು ತಿಳಿಯುವ ಮೊದಲೇ ರಕ್ಷಣೆ. ತಪ್ಪೆನ್ನಲಾರೆ, ಕಾಯುತ್ತ ಕೂತಿದ್ದರೆ ಟ್ಯಾಗ್ ಹಾಕಲು ಮೀನೇ ಉಳಿಯುತ್ತಿರಲಿಲ್ಲವೇನೋ.

ಈಗಲೂ ಅಷ್ಟು ದೊಡ್ಡ ಮೀನಿನ ಹತ್ತಿರ ಮೊದಲು ಹೋಗುವವರು ವಿಜ್ಞಾನಿಗಳಲ್ಲ, ದೋಣಿಯವರು. ಬಲೆಗೆ ಸಿಕ್ಕಿದ್ದನ್ನು ಬಿಡಲು ಬಲೆಯನ್ನೇ ಕತ್ತರಿಸಬೇಕು. ಗುಜರಾತಿನಲ್ಲಿ ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಟು ಬಂದ ಮೇಲೆ ಚೂರಿ ಎತ್ತುವ ಕೈ ಹೆಚ್ಚಾದವು. ಮಂಜೇಶ್ವರದ ದೋಣಿಯವನಿಗೂ ಬಲೆ ಸಾಲದಲ್ಲೇ ಬಂದಿರುತ್ತದೆ.